ಮೇಸನ್ ವಿನ್ ಅವರ ಬ್ಯಾಟ್ ಮಾಗಲು ಬಿಡಿ: ಕಾರ್ಡಿನಲ್ಸ್ ಆಡಳಿತಕ್ಕೊಂದು ಬಹಿರಂಗ ಪತ್ರ

ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಮುಖ್ಯಸ್ಥರಾದ ಮಾನ್ಯ ಹೈಮ್ ಬ್ಲೂಮ್ ಅವರಿಗೆ, ತಂಡದ ಬ್ಯಾಟಿಂಗ್ ತರಬೇತುದಾರರಿಗೆ, ಮತ್ತು ನಾಲ್ಕು ಪಂದ್ಯ ಹಿಟ್ (ಬೇಸ್ ಸೇರಿಸುವ ಹೊಡೆತ) ಬರದಿದ್ದರೆ ಸಾಕು, ಈ ಹುಡುಗನನ್ನು ಬದಲಾಯಿಸಿ ಎನ್ನುವ ಅಭಿಮಾನಿ ಬಂಧುಗಳಿಗೆ,

ನಮಸ್ಕಾರ.

ನಿಮ್ಮ ಶಾರ್ಟ್‌ಸ್ಟಾಪ್ ಮೇಸನ್ ವಿನ್ 2025ರಲ್ಲಿ 129 ಪಂದ್ಯ ಆಡಿದರು. ಮಾಡಿದ ಎರರ್, ಅಂದರೆ ಫೀಲ್ಡಿಂಗ್ ತಪ್ಪು, ಮೂರೇ ಮೂರು. ಆಯಾ ಸ್ಥಾನದ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೋವ್ ಅವರಿಗೇ ಬಂತು. ಎಡ್ಗರ್ ರೆಂಟೇರಿಯಾ ಅದನ್ನು ಗೆದ್ದದ್ದು 2003ರಲ್ಲಿ. ಅಲ್ಲಿಂದೀಚೆಗೆ ಕಾರ್ಡಿನಲ್ಸ್‌ನ ಯಾವ ಶಾರ್ಟ್‌ಸ್ಟಾಪ್‌ಗೂ ಅದು ಸಿಕ್ಕಿರಲಿಲ್ಲ. ಇದೇ ವರ್ಷ ಅವರ ಬ್ಯಾಟಿಂಗ್ ಸರಾಸರಿ .253 (ಸಾವಿರ ಪ್ರಯತ್ನಕ್ಕೆ 253 ಹಿಟ್), ಹೋಮ್ ರನ್ (ಬೇಲಿ ದಾಟುವ ಹೊಡೆತ) 9. ಹಿಂದಿನ ವರ್ಷ ಅದು .267 ಮತ್ತು 15 ಇತ್ತು. ಫೀಲ್ಡಿಂಗ್ ಮಾಡುವ ಕೈ ಇನ್ನಷ್ಟು ಪಳಗಿತು, ಬ್ಯಾಟ್ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯಿತು. ಅಲ್ಲಿಂದ ಶುರುವಾಯಿತು ಸಲಹೆಗಳ ಸುರಿಮಳೆ: ಎರಡನೇ ಬೇಸ್‌ಗೆ ಸರಿಸಿ, ತಂಡದ ಎಳೆಯ ಆಟಗಾರ ಜೆಜೆ ವೆದರ್‌ಹೋಲ್ಟ್‌ಗೆ ಜಾಗ ಬಿಡಿಸಿ, ಬೆಲೆ ಇರುವಾಗಲೇ ಮಾರಿ, ಇಲ್ಲವಾದರೆ ಮೈ ಬೆಳೆಸಿ ಹೋಮ್ ರನ್ ಹೊಡೆಯುವವನನ್ನಾಗಿ ಮಾಡಿ.

ಈ ನಾಲ್ಕೂ ತಪ್ಪು ಎಂದು ನಾವು ನಂಬಿದ್ದೇವೆ. ವಿನ್ ಅವರನ್ನು ಶಾರ್ಟ್‌ಸ್ಟಾಪ್‌ನಲ್ಲೇ ಬಿಡಿ, ಬ್ಯಾಟಿಂಗ್ ಕ್ರಮದಲ್ಲಿ ಕೆಳಗಿಡಿ, ಬ್ಯಾಟ್‌ನಿಂದ ಸರಿಯಾದ ಒಂದೆರಡು ಸಂಗತಿಗಳನ್ನಷ್ಟೇ ಕೇಳಿ, ಅವು ಬರುವವರೆಗೆ ಕಾಯಿರಿ. ನಮ್ಮ ಕೋರಿಕೆ ಇಷ್ಟೇ. ಕಾರಣಗಳನ್ನು ಬಿಡಿಸಿ ಹೇಳುತ್ತೇವೆ.

ಮೊದಲು ಆ ಕೈಯ ಮಾತು. ಕ್ರಿಕೆಟ್ ನೋಡಿ ಬೆಳೆದ ನಮ್ಮ ಓದುಗರಿಗೆ ಶಾರ್ಟ್‌ಸ್ಟಾಪ್ ಎಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವವರು ಎಂದಷ್ಟೇ ಗೊತ್ತಿರಬಹುದು. ಒಂದೇ ಒಂದು ಆಟವನ್ನು ಹತ್ತಿರದಿಂದ ನೋಡೋಣ. ಬಲಗೈ ಬ್ಯಾಟರ್ ಹೊಡೆದ ಗ್ರೌಂಡ್ ಬಾಲ್ ಮೂರನೇ ಬೇಸ್‌ಮನ್‌ನ ಗ್ಲೋವ್ ತಪ್ಪಿಸಿಕೊಂಡು ಸಂದಿನಲ್ಲಿ ಓಡುತ್ತದೆ. ಶಾರ್ಟ್‌ಸ್ಟಾಪ್ ತನ್ನ ಬಲಕ್ಕೆ ಓಡಿ, ಗ್ಲೋವ್ ಮಗುಚಿ ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿದು, ಹೊರಗಿನ ಹುಲ್ಲಿನಂಚಿನಲ್ಲಿ ಬಲಗಾಲು ಊರಿ, ಸುಮಾರು 40 ಮೀಟರ್ ಆಚೆಯ ಮೊದಲ ಬೇಸ್‌ಗೆ ಎಸೆಯಬೇಕು. ಚುರುಕು ಓಟಗಾರ ಹೋಮ್‌ನಿಂದ ಮೊದಲ ಬೇಸ್‌ವರೆಗಿನ 27.4 ಮೀಟರನ್ನು 4.2 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಚೆಂಡು ಅಷ್ಟು ಆಳಕ್ಕೆ ಬರುವಷ್ಟರಲ್ಲಿ ಹತ್ತಿರಹತ್ತಿರ 2 ಸೆಕೆಂಡ್ ಹೋಗಿರುತ್ತದೆ. ಹಿಡಿದು, ಕಾಲೂರಿ, ಕೈಯಿಂದ ಬಿಡಲು ಮತ್ತೊಂದು ಸೆಕೆಂಡ್. ಎಸೆತಕ್ಕೆ ಉಳಿಯುವುದು 1.2 ಸೆಕೆಂಡ್. ಗಂಟೆಗೆ 129 ಕಿ.ಮೀ. ವೇಗದ ಎಸೆತಕ್ಕೆ 40 ಮೀಟರ್ ದಾಟಲು 1.12 ಸೆಕೆಂಡ್ ಬೇಕು. ಗಾಳಿಯ ತಡೆಯನ್ನೂ ಕೂಡಿಸಿದರೆ ಓಟಗಾರನ ಕಾಲು ಮತ್ತು ಚೆಂಡು ಒಟ್ಟಿಗೇ ಬೇಸ್ ಮುಟ್ಟುತ್ತವೆ. ಅದೇ ಎಸೆತ 145 ಕಿ.ಮೀ. ವೇಗದ್ದಾದರೆ 1 ಸೆಕೆಂಡ್ ಸಾಕು. ಉಳಿದ 0.12 ಸೆಕೆಂಡ್ ಎಂದರೆ ಪೂರ್ತಿ ವೇಗದಲ್ಲಿ ಓಡುವವನ ಲೆಕ್ಕದಲ್ಲಿ ಒಂದು ಮೀಟರ್. ಔಟ್, ಸೇಫ್ ಎರಡೂ ಆ ಒಂದು ಮೀಟರಿನಲ್ಲಿ ತೀರ್ಮಾನವಾಗುತ್ತವೆ.

ವಿನ್ ಅವರ ತೋಳಿನ ಬಲ ಎಂಥದ್ದೆಂದು ಲೋಕಕ್ಕೆ ತಿಳಿದದ್ದು ಎಳೆಯ ಪ್ರತಿಭೆಗಳು ಆಡುವ 2022ರ ಫ್ಯೂಚರ್ಸ್ ಗೇಮ್‌ನಲ್ಲಿ. ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಅವರು ಮೊದಲ ಬೇಸ್‌ಗೆ ಎಸೆದ ಒಂದು ಚೆಂಡು 100.5 ಮೈಲಿ, ಅಂದರೆ ಗಂಟೆಗೆ ಸುಮಾರು 162 ಕಿ.ಮೀ. ದಾಖಲಿಸಿತು. 2020ರಲ್ಲಿ ತಂಡ ಅವರನ್ನು ಹೊಸ ಆಟಗಾರರ ಆಯ್ಕೆಯ (ಡ್ರಾಫ್ಟ್) ಎರಡನೇ ಸುತ್ತಿನಲ್ಲಿ ಆರಿಸಿಕೊಂಡಾಗ ಅವರು ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವರು) ಕೂಡ ಆಗಿದ್ದರು ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ.

ತೋಳಿನ ಬಲವೊಂದೇ ಆಗಿದ್ದರೆ ನಾವು ಈ ಪತ್ರ ಬರೆಯುತ್ತಿರಲಿಲ್ಲ. ಬಲವಾದ ತೋಳಿರುವ ಎಳೆಯ ಶಾರ್ಟ್‌ಸ್ಟಾಪ್‌ಗಳೇ ಸಾಮಾನ್ಯವಾಗಿ ಹೆಚ್ಚು ಎರರ್ ಮಾಡುವವರು. ತೋಳನ್ನು ನಂಬಿ ಕಾಲು ನಿಧಾನ ಮಾಡುತ್ತಾರೆ, ಚೆಂಡಿಗೆ ಎದುರು ಹೋಗದೆ ಅದು ಬರಲೆಂದು ಕಾಯುತ್ತಾರೆ, ಕೊನೆಗೆ ಅತ್ಯಂತ ಕೆಟ್ಟ ಪುಟಿತಕ್ಕೆ ಸಿಕ್ಕಿಬೀಳುತ್ತಾರೆ. ನೆಲಕ್ಕೆ ತಾಗಿದ ಕೂಡಲೇ ಹಿಡಿಯುವ ಚೆಂಡು ಸುಲಭ. ಪುಟಿದು ಮೇಲೇರಿ ಇಳಿಯುವಾಗ ಹಿಡಿಯುವುದೂ ಸುಲಭ. ಇವೆರಡರ ನಡುವೆ, ಚೆಂಡು ಏರುತ್ತಿರುವಾಗ ಗ್ಲೋವ್ ಒಡ್ಡಬೇಕಾಗಿ ಬಂದರೆ ಅದು ಮಣಿಕಟ್ಟಿಗೋ ಎದೆಗೋ ಬಡಿಯುತ್ತದೆ. ಯಾವ ಪುಟಿತದಲ್ಲಿ ಹಿಡಿಯಬೇಕೆಂದು ಆರಿಸಿಕೊಳ್ಳುವುದು ಕಾಲಿನ ಕೆಲಸ. ಪಿಚ್ ಮಾಡಿದ ಚೆಂಡು ಬ್ಯಾಟರ್ ಮುಂದಿನ ಪ್ಲೇಟ್ ತಲುಪುವ ಗಳಿಗೆಯಲ್ಲಿ ಎರಡೂ ಪಾದಗಳನ್ನು ಸಣ್ಣದಾಗಿ ಎತ್ತಿ ಇಳಿಸುವ ಒಂದು ತಯಾರಿ ಹೆಜ್ಜೆ ಇದೆ. ಅದು ತುಸು ಬೇಗ ಬಿದ್ದರೆ ಮೈ ನೆಲಕ್ಕೆ ಅಂಟುತ್ತದೆ, ತಡವಾದರೆ ಮೊದಲ ಹೆಜ್ಜೆಯೇ ಕಳೆದುಹೋಗುತ್ತದೆ. ವಿನ್ ಆಡುವಾಗ ಚೆಂಡನ್ನು ಬಿಟ್ಟು ಅವರ ಪಾದಗಳನ್ನು ನೋಡಿ. ಬ್ಯಾಟ್ ಚೆಂಡಿಗೆ ತಾಗುವ ಹೊತ್ತಿಗೆ ಅವರು ಆಗಲೇ ಚಲನೆಯಲ್ಲಿರುತ್ತಾರೆ.

ಇನ್ನೊಂದು, ಗ್ಲೋವ್‌ನಿಂದ ಬಲಗೈಗೆ ಚೆಂಡು ದಾಟಿಸುವ ಕೆಲಸ. ಶಾರ್ಟ್‌ಸ್ಟಾಪ್‌ಗಳು ಸಾಮಾನ್ಯವಾಗಿ ಬಳಸುವುದು 11.5 ಇಂಚಿನ, ಬೊಗಸೆ ಆಳವಿಲ್ಲದ ಗ್ಲೋವ್. ಔಟ್‌ಫೀಲ್ಡರುಗಳದು 12.75 ಇಂಚಿನವರೆಗೆ ಇರುತ್ತದೆ, ಬೊಗಸೆ ಆಳ. ಆಳವಿದ್ದರೆ ಚೆಂಡು ಗಟ್ಟಿಯಾಗಿ ಕೂರುತ್ತದೆ, ಬೆರಳಿಗೆ ಸಿಗುವುದು ತಡ. ಆಳವಿಲ್ಲದಿದ್ದರೆ ಚೆಂಡು ಬಡಿದು ಅಲ್ಲೇ ನಿಲ್ಲುತ್ತದೆ, ಬಲಗೈ ಬಂದು ಎತ್ತಿಕೊಂಡು ಹೋಗುತ್ತದೆ. ಹೀಗೆ ಎತ್ತುವಾಗಲೇ ಬೆರಳು ಹೊಲಿಗೆಗೆ ಅಡ್ಡವಾಗಿ ಕೂರಬೇಕು. ಉದ್ದಕ್ಕೆ ಕೂತರೆ ಎಸೆತ ಕೊನೆಯ ಹತ್ತು ಮೀಟರಿನಲ್ಲಿ ಪಕ್ಕಕ್ಕೆ ಜಾರುತ್ತದೆ, ಮೊದಲ ಬೇಸ್‌ಮನ್ ಬೇಸ್ ಬಿಟ್ಟು ಚಾಚಬೇಕಾಗುತ್ತದೆ. ಇಡೀ ಋತುವಿನಲ್ಲಿ ಮೂರೇ ಎರರ್ ಎಂಬ ಅಂಕಿಯ ಹಿಂದೆ ಇರುವುದು ಈ ಬೆರಳಿನ ಲೆಕ್ಕ.

ಎರರ್ ಕಡಿಮೆ ಇದ್ದ ಮಾತ್ರಕ್ಕೆ ಫೀಲ್ಡರ್ ಒಳ್ಳೆಯವನೆನ್ನಲು ಬರುವುದಿಲ್ಲ ಎಂಬುದು ನಿಮಗೆ ನಾವು ಹೇಳಬೇಕಾದ್ದಲ್ಲ, ಅಭಿಮಾನಿಗಳಿಗೆ ಹೇಳಬೇಕು. ಚೆಂಡಿನ ಹತ್ತಿರಕ್ಕೇ ಹೋಗದವನಿಗೆ ಎರರ್ ಕೊಡುವುದಿಲ್ಲ, ಅದು ಹಿಟ್ ಆಗುತ್ತದೆ. ದೂರದ ಚೆಂಡಿಗೂ ಹೋಗಿ ಮುಟ್ಟುವವನು, ಮುಟ್ಟಿದ್ದನ್ನು ಔಟ್ ಕೂಡ ಮಾಡುವವನು ಅಪರೂಪ. 2023ರಿಂದ ಈ ಗುಣದ ಬೆಲೆ ಇನ್ನೂ ಏರಿದೆ. ಎರಡನೇ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರುಗಳು ಇರಲೇಬೇಕು, ನಾಲ್ವರ ಪಾದಗಳೂ ಇನ್‌ಫೀಲ್ಡ್‌ನ ಹೊರ ಅಂಚಿನೊಳಗೇ ಇರಬೇಕು ಎಂಬ ನಿಯಮ ಬಂದ ಮೇಲೆ, ಮೂವರನ್ನು ಒಂದೇ ಬದಿಗೆ ನಿಲ್ಲಿಸಿ ಸಂದು ಮುಚ್ಚುವ ದಾರಿ ಇಲ್ಲವಾಯಿತು. ಆ ಜಾಗವನ್ನು ಈಗ ಕಾಲಿನಿಂದಲೇ ಮುಚ್ಚಬೇಕು.

ರನ್ನಿನ ಲೆಕ್ಕಕ್ಕೆ ಬರೋಣ. ಒಂದು ಸಿಂಗಲ್ (ಒಂದು ಬೇಸ್‌ನ ಹಿಟ್) ಔಟ್ ಆಗಿ ಬದಲಾದರೆ ಎದುರಾಳಿಗೆ ಸರಾಸರಿ ಮುಕ್ಕಾಲು ರನ್ ನಷ್ಟ. ಸಾಮಾನ್ಯ ಶಾರ್ಟ್‌ಸ್ಟಾಪ್‌ಗಿಂತ ವರ್ಷಕ್ಕೆ 20 ಔಟ್ ಹೆಚ್ಚು ಮಾಡುವವರು ತಂಡಕ್ಕೆ 15 ರನ್ ಉಳಿಸುತ್ತಾರೆ. ಹತ್ತು ರನ್‌ಗೆ ಒಂದು ಗೆಲುವು ಎಂಬುದು ಈ ಆಟದಲ್ಲಿ ಒಪ್ಪಿತವಾದ ಅಂದಾಜು. ಈ 20ನ್ನು ಬ್ಯಾಟ್‌ನ ಭಾಷೆಗೆ ತಿರುಗಿಸಿ ನೋಡಿ: 550 ಅಟ್-ಬ್ಯಾಟ್‌ಗಳಲ್ಲಿ (ಸರಾಸರಿಗೆ ಎಣಿಸುವ ಬ್ಯಾಟಿಂಗ್ ಸರದಿಗಳಲ್ಲಿ) .253 ಎಂದರೆ 139 ಹಿಟ್. ಅದಕ್ಕೆ 20 ಕೂಡಿಸಿದರೆ 159, ಅಂದರೆ .289. ಕೈಯಿಂದ ತಡೆದ 20 ಸಿಂಗಲ್‌ಗಳ ತೂಕ, .253 ಹೊಡೆಯುವವನು .289 ಹೊಡೆದಷ್ಟೇ. .289 ಹೊಡೆಯುವ ಶಾರ್ಟ್‌ಸ್ಟಾಪ್‌ನನ್ನು ಮಾರಿಬಿಡಿ ಎಂದು ಯಾರೂ ಹೇಳುವುದಿಲ್ಲ. ತಡೆದ ರನ್ ಸ್ಕೋರ್‌ಬೋರ್ಡ್‌ನಲ್ಲಿ ಕಾಣುವುದಿಲ್ಲ, ಹಾಗಾಗಿ ಅದರ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ.

ಈಗ ಬ್ಯಾಟ್. ಇಲ್ಲಿ ಮುಚ್ಚುಮರೆ ಬೇಡ. 2023ರ ಆಗಸ್ಟ್‌ನಲ್ಲಿ ಬಂದ ಮೊದಲ 37 ಪಂದ್ಯಗಳಲ್ಲಿ .172. ಮರುವರ್ಷ .267, ಬೇಸ್ ಸೇರಿದ ಪ್ರಮಾಣ .314. 2025ರಲ್ಲಿ ಆ ಪ್ರಮಾಣ .310, ಸ್ಲಗಿಂಗ್ (ಒಂದು ಅಟ್-ಬ್ಯಾಟ್‌ಗೆ ಹೊಡೆತದಿಂದ ಗಳಿಸಿದ ಬೇಸ್‌ಗಳ ಸರಾಸರಿ) .416ರಿಂದ .363ಕ್ಕೆ ಇಳಿಯಿತು. ಚೆಂಡಿಗೆ ಬ್ಯಾಟ್ ತಾಗಿಸುವುದರಲ್ಲಿ ಅವರು ಹಿಂದೆ ಬಿದ್ದಿಲ್ಲ. ತಾಗಿದ ಚೆಂಡು ಎಲ್ಲಿಗೆ, ಎಷ್ಟು ಗಟ್ಟಿಯಾಗಿ ಹೋಗುತ್ತದೆ ಎಂಬುದರಲ್ಲಿ ತೊಂದರೆಯಿದೆ. ವಾಕ್ (ನಾಲ್ಕು ಬಾಲ್ ಬಿಟ್ಟು ಹೊಡೆಯದೆಯೇ ಬೇಸ್ ಸೇರುವುದು) ಕೂಡ ಕಡಿಮೆ: ನೂರು ಸರದಿಗೆ ಆರೇಳು ಮಾತ್ರ, ಲೀಗ್‌ನ ಸರಾಸರಿ ಎಂಟರ ಮೇಲಿದೆ.

ಚೆಂಡಿಗೆ ತಾಗಿಸಬಲ್ಲೆ ಎಂಬ ಧೈರ್ಯವೇ ಇಂಥ ಬ್ಯಾಟರುಗಳಿಗೆ ಮುಳುವಾಗುತ್ತದೆ. ವಲಯದ ಹೊರಗೆ ಬಂದು ಬಿಟ್ಟ ಚೆಂಡು ಬಾಲ್; ವಲಯದೊಳಗೆ ಬಿಟ್ಟ ಅಥವಾ ಬೀಸಿ ತಪ್ಪಿದ ಚೆಂಡು ಸ್ಟ್ರೈಕ್, ಮೂರಾದರೆ ಔಟ್. ಎರಡು ಬಾಲ್ ಒಂದು ಸ್ಟ್ರೈಕ್ ಇರುವಾಗ, ಬಿಟ್ಟರೆ ಮೂರು ಬಾಲ್ ಆಗಬಹುದಾದ ಹೊರಗಿನ ಸ್ಲೈಡರ್‌ಗೆ (ಪಕ್ಕಕ್ಕೆ ಬಾಗುವ ಚೆಂಡಿಗೆ) ಕೈ ಹಾಕುತ್ತಾರೆ. ತಾಗುತ್ತದೆ, ಆದರೆ ಬ್ಯಾಟಿನ ತುದಿಗೆ. ಮೇಲಿನ ಕೈ ಬೇಗ ಮಗುಚಿಕೊಂಡು ಚೆಂಡು ಎದುರಾಳಿ ಶಾರ್ಟ್‌ಸ್ಟಾಪ್ ಕಡೆಗೆ ಉರುಳುತ್ತದೆ. ತಾಗದವನು ಅದೇ ಚೆಂಡಿಗೆ ಬೀಸಿ ತಪ್ಪಿದ್ದರೆ ಅವನಿಗೆ ಇನ್ನೊಂದು ಪಿಚ್ ಸಿಗುತ್ತಿತ್ತು. ತಾಗಿಸಿದವನ ಸರದಿ ಅಲ್ಲಿಗೇ ಮುಗಿಯಿತು. ಎದುರಾಳಿ ಪಿಚರುಗಳು ಇದನ್ನು ಒಂದು ತಿಂಗಳೊಳಗೆ ಕಂಡುಕೊಳ್ಳುತ್ತಾರೆ. ಆಮೇಲೆ ಬೇಕಾದ ಜಾಗಕ್ಕೆ ಫಾಸ್ಟ್‌ಬಾಲ್ ಬರುವುದೇ ಕಡಿಮೆ.

ಇದಕ್ಕೆ "ಬಲ ಬೆಳೆಸಿ" ಎಂಬುದು ಅರ್ಧ ಉತ್ತರ ಮಾತ್ರ. ಬುಷ್ ಸ್ಟೇಡಿಯಂನ ಅಳತೆ ನೋಡಿ: ಎಡ ಮೂಲೆ 336 ಅಡಿ, ನಡು 400 ಅಡಿ, ಅವೆರಡರ ನಡುವೆ 375. ಬ್ಯಾಟಿನಿಂದ ಗಂಟೆಗೆ 153 ಕಿ.ಮೀ. ವೇಗದಲ್ಲಿ, 28 ಡಿಗ್ರಿ ಕೋನದಲ್ಲಿ ಹೊರಟ ಚೆಂಡು 360 ಅಡಿಯ ಆಸುಪಾಸಿಗೆ ಹೋಗುತ್ತದೆ. ನಡುವಿಗೆ ಹೋದರೆ ಸೆಂಟರ್ ಫೀಲ್ಡರ್‌ಗೆ ಸಲೀಸು ಕ್ಯಾಚ್. ಎಡ ಮೂಲೆಗೆ ಹೋದರೆ ಹೋಮ್ ರನ್. ಒಂದೇ ಬಲ, ಎರಡು ಫಲ. 2023ರಲ್ಲಿ ಐಸಾಕ್ ಪರೇಡಸ್ ಇದೇ ಲೆಕ್ಕದಿಂದ, ಅಂಥ ಭಾರಿ ಹೊಡೆತವಿಲ್ಲದೆಯೇ, 31 ಹೋಮ್ ರನ್ ಹೊಡೆದರು. ವಿನ್ ಅವರಿಗೆ 31 ಬೇಡ. ಒಳಗೆ ಬಂದ ಚೆಂಡನ್ನು ಗಾಳಿಯಲ್ಲಿ ಎಡಕ್ಕೆ ಎಳೆಯುವುದು ಕಲಿತರೆ 15 ತಾನಾಗಿ ಮರಳುತ್ತದೆ.

ಆದರೆ ಇದನ್ನು ಕಲಿಸುವಾಗಲೇ ಬಹಳ ಮಂದಿ ಹಾಳಾಗುವುದು. "ಎಳೆ" ಎಂದ ಕೂಡಲೇ ಬ್ಯಾಟರ್ ಮುಂದಿನ ಭುಜ ಬೇಗ ತೆರೆಯುತ್ತಾನೆ, ಸೊಂಟ ಮುಂಚೆಯೇ ತಿರುಗುತ್ತದೆ, ಹೊರಗಿನ ಚೆಂಡು ಕೈಗೆಟುಕದೆ ಹೋಗುತ್ತದೆ. ಕೇಳಬೇಕಾದ್ದು ತಾಗುವ ಬಿಂದುವಿನ ಬದಲಾವಣೆ. ಬೀಸುವ ರೀತಿ ಹಾಗೇ ಇರಲಿ. ಅಭ್ಯಾಸಕ್ಕೆ ಹೀಗೆ ಮಾಡಬಹುದು: ಟೀ (ಚೆಂಡಿಡುವ ಗೂಟ) ಮೇಲೆ ಚೆಂಡಿಟ್ಟು ಹೊಡೆಯುವಾಗ ಒಳಗಿನ ಚೆಂಡಿಗೆ ಟೀಯನ್ನು ಮುಂಗಾಲಿಗಿಂತ 15–20 ಸೆಂ.ಮೀ. ಮುಂದಿಡಿ, ನಡುವಿನ ಚೆಂಡಿಗೆ ಮುಂಗಾಲಿನ ನೇರಕ್ಕೆ, ಹೊರಗಿನದಕ್ಕೆ ಅದಕ್ಕಿಂತ ಹಿಂದೆ. ಮೂರನ್ನೂ ಕಲಸಿ, ಕ್ರಮ ತಿಳಿಯದಂತೆ ಬದಲಿಸುತ್ತಿರಿ. ಒಳಗಿನದನ್ನು ಗಾಳಿಯಲ್ಲಿ ಎಡಕ್ಕೆ, ಹೊರಗಿನದನ್ನು ಎರಡನೇ ಬೇಸ್‌ಮನ್ ತಲೆಯ ಮೇಲೆ ನೇರ ಗೆರೆಯಾಗಿ. ಹೊರಗಿನದೂ ಎಡಕ್ಕೆ ಉರುಳತೊಡಗಿದರೆ ಭುಜ ಬೇಗ ತೆರೆದಿದೆ ಎಂದರ್ಥ. ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ.

ವೇಗದ ಚೆಂಡಿನ ಅಭ್ಯಾಸಕ್ಕೆ ಯಂತ್ರವನ್ನು 12 ಮೀಟರ್ ದೂರದಲ್ಲಿಟ್ಟು ಗಂಟೆಗೆ 110 ಕಿ.ಮೀ. ವೇಗಕ್ಕೆ ಹೊಂದಿಸಿದರೆ ಚೆಂಡು 0.39 ಸೆಕೆಂಡಿನಲ್ಲಿ ಬರುತ್ತದೆ. ಪಿಚರ್‌ನ ಕೈಯಿಂದ ಪ್ಲೇಟಿಗೆ ಇರುವ ಸುಮಾರು 16.8 ಮೀಟರನ್ನು 153 ಕಿ.ಮೀ. ಫಾಸ್ಟ್‌ಬಾಲ್ ದಾಟುವುದೂ ಅಷ್ಟೇ ಹೊತ್ತಿನಲ್ಲಿ. ಆದರೆ ಬರೀ ಫಾಸ್ಟ್‌ಬಾಲ್ ಯಂತ್ರದಿಂದ ಪ್ರಯೋಜನ ಅರ್ಧ. ಮುಂದೆ ಯಾವುದು ಬರುತ್ತದೆಂದು ತಿಳಿದಿದ್ದರೆ ನಿರ್ಧಾರ ಮಾಡಬೇಕಾದ್ದೇನೂ ಉಳಿಯುವುದಿಲ್ಲ, ಮತ್ತು ನಿರ್ಧಾರವೇ ಇಲ್ಲಿ ಬೆಳೆಯಬೇಕಾದ ಭಾಗ. ಫಾಸ್ಟ್‌ಬಾಲ್, ಸ್ಲೈಡರ್ ಎರಡನ್ನೂ ಹೇಳದೆ ಬೆರೆಸಿ. ಪಿಚರುಗಳ ಅಭ್ಯಾಸದ ವೇಳೆ ಬ್ಯಾಟ್ ಬೀಸದೆ ನಿಂತು, ಚೆಂಡು ಕೈಬಿಟ್ಟು ಅರ್ಧ ದಾರಿ ಬರುವಷ್ಟರಲ್ಲಿ "ಬಾಲ್", "ಸ್ಟ್ರೈಕ್" ಎಂದು ಕೂಗುವ ಅಭ್ಯಾಸ ನೋಡಲು ಏನೂ ಅಲ್ಲದಂತೆ ಕಾಣುತ್ತದೆ, ಆದರೆ ವಾಕ್ ಹೆಚ್ಚುವುದು ಅಲ್ಲಿಂದಲೇ.

ಈ ವಿಷಯದಲ್ಲಿ 2026ರ ಹೊಸ ನಿಯಮ ವಿನ್ ಅವರಿಗೆ ಅನುಕೂಲ. ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ವ್ಯವಸ್ಥೆಯಲ್ಲಿ ಸ್ಟ್ರೈಕ್ ವಲಯವನ್ನು ಬ್ಯಾಟರ್‌ನ ಎತ್ತರದಿಂದ ಅಳೆಯುತ್ತಾರೆ: ಕೆಳಗಿನ ಗೆರೆ ಎತ್ತರದ ಶೇ. 27, ಮೇಲಿನದು ಶೇ. 53.5. ಸುಮಾರು 180 ಸೆಂ.ಮೀ. ಎತ್ತರದವರಿಗೆ ಅದು ನೆಲದಿಂದ 49 ಸೆಂ.ಮೀ.ಗೆ ಶುರುವಾಗಿ 96ಕ್ಕೆ ಮುಗಿಯುತ್ತದೆ. ಅಗಲ ಪ್ಲೇಟಿನಷ್ಟೇ, 43 ಸೆಂ.ಮೀ. ಈ ಎರಡು ಎತ್ತರಕ್ಕೆ ಎರಡು ದಾರ ಕಟ್ಟಿ ವಸಂತ ಶಿಬಿರದ ಮೊದಲ ದಿನದಿಂದಲೇ ಅದರ ಹಿಂದೆ ನಿಲ್ಲಿಸಿ. ತನ್ನ ವಲಯದ ಅಂಚು ಕಣ್ಣಿಗೆ ಕಟ್ಟಿದ ಬ್ಯಾಟರ್ ಪ್ರಶ್ನಿಸಬೇಕಾದಾಗ ಪ್ರಶ್ನಿಸುತ್ತಾನೆ, ಬಿಡಬೇಕಾದ್ದನ್ನು ಬಿಡುತ್ತಾನೆ. 550 ಸರದಿಗಳಲ್ಲಿ ವಾಕ್ 36ರಿಂದ 50ಕ್ಕೆ ಏರಿದರೆ ತಂಡಕ್ಕೆ ಏಳೆಂಟು ರನ್ ಹೆಚ್ಚು. ಒಂದು ಹೋಮ್ ರನ್ ಕೂಡ ಹೆಚ್ಚಿಸದೆ ಬರುವ ಲಾಭ ಇದು.

ಬ್ಯಾಟ್ ವೇಗ ಹೆಚ್ಚಿಸುವ ತರಬೇತಿಯನ್ನು ನಾವು ವಿರೋಧಿಸುವುದಿಲ್ಲ. ಆಟದ ಬ್ಯಾಟ್ 880 ಗ್ರಾಂ ಇದ್ದರೆ 700 ಗ್ರಾಮಿನದೊಂದು, 1,050 ಗ್ರಾಮಿನದೊಂದು ಇಟ್ಟುಕೊಂಡು ವಾರಕ್ಕೆ ಮೂರು ದಿನ, ದಿನಕ್ಕೆ 30–40 ಪೂರ್ಣಬಲದ ಸ್ವಿಂಗ್ ಸಾಕು. ಆದರೆ ಇದು ಚಳಿಗಾಲದ ಕೆಲಸ. ಋತುವಿನ ನಡುವೆ ಮಾಡಿಸಿದರೆ ಪಕ್ಕೆಯ ಸ್ನಾಯು ಹಿಡಿದುಕೊಳ್ಳುತ್ತದೆ, ಮೂರು ನಾಲ್ಕು ವಾರ ಆಟವೇ ಹೋಗುತ್ತದೆ. 2025ರಲ್ಲಿ ಸುದ್ದಿಯಾದ ಟಾರ್ಪೀಡೊ ಬ್ಯಾಟ್ ಬಗ್ಗೆಯೂ ಕೇಳುವವರಿದ್ದಾರೆ. ತೂಕವನ್ನು ತುದಿಯಿಂದ ಹಿಡಿಕೆಯತ್ತ ತುಸು ಸರಿಸಿದ ಬ್ಯಾಟ್ ಅದು. ಚೆಂಡು ಹೆಚ್ಚಾಗಿ ತಾಗುವುದು ಆ ಜಾಗಕ್ಕೇ ಆದರೆ ಲಾಭ, ತುದಿಗೆ ತಾಗಿಸುವ ಅಭ್ಯಾಸವಿದ್ದವರಿಗೆ ನಷ್ಟ. ಅಳತೆ ನೋಡದೆ ಕೊಡಬೇಡಿ.

ಎಲ್ಲಕ್ಕಿಂತ ಮೊದಲು ಮಂಡಿ. ಬಲ ಮಂಡಿಯ ಮೆನಿಸ್ಕಸ್ (ಮೃದ್ವಸ್ಥಿ) ಹರಿದು 2025ರ ಸೆಪ್ಟೆಂಬರ್‌ನಲ್ಲಿ ಅವರ ಋತು ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯಿತು. ಅದಕ್ಕೂ ಮುಂಚೆ ನೋವಿನಲ್ಲೇ ಆಡಿದರು. ಬಲಗೈ ಬ್ಯಾಟರ್‌ಗೆ ಬಲಗಾಲು ಹಿಂಗಾಲು: ಸ್ವಿಂಗ್‌ನ ಬಲ ಹುಟ್ಟುವುದೇ ಆ ಮಂಡಿ ಒಳಕ್ಕೆ ತಿರುಗುವಾಗ. ಅಲ್ಲಿ ನೋವಿದ್ದರೆ ಮೈ ತಾನಾಗಿ ತೋಳಿನಿಂದಷ್ಟೇ ಹೊಡೆಯತೊಡಗುತ್ತದೆ, ಸ್ಲಗಿಂಗ್ ಕುಸಿಯುತ್ತದೆ. ಮೇಲೆ ಹೇಳಿದ ಸಂದಿನ ಎಸೆತದಲ್ಲಿ ಓಡುವ ಮೈಯನ್ನು ತಡೆದು ನಿಲ್ಲಿಸುವುದೂ ಅದೇ ಬಲಗಾಲು. ಆ ಮಂಡಿಯಲ್ಲಿ ಆ ಕೈಯ ಆಟ ಅಷ್ಟೊಂದು ಚೆನ್ನಾಗಿ ನಡೆಯಿತು ಎಂಬುದೇ ನಮಗೆ ಬೆರಗು. ಹಾಗಾಗಿ 2025ರ .363 ಸ್ಲಗಿಂಗನ್ನು ಅವರ ನಿಜವಾದ ಮಟ್ಟ ಎಂದು ಬರೆದಿಟ್ಟುಕೊಳ್ಳಬೇಡಿ. ವಾರಕ್ಕೊಂದು ವಿರಾಮ ಕೊಡಿ, ವಿಶೇಷವಾಗಿ ರಾತ್ರಿ ಪಂದ್ಯದ ಮರುದಿನ ಮಧ್ಯಾಹ್ನದ ಆಟವಿದ್ದಾಗ.

ಈ ನೆಲದಲ್ಲಿ ಕೈ ಮೊದಲು, ಬ್ಯಾಟ್ ಆಮೇಲೆ ಎಂಬ ಕತೆ ಹೊಸದಲ್ಲ. ಮುಂದೆ ಕಾರ್ಡಿನಲ್ಸ್‌ನ ಶಾರ್ಟ್‌ಸ್ಟಾಪ್ ಆದ ಓಝಿ ಸ್ಮಿತ್ ಸ್ಯಾನ್ ಡಿಯಾಗೊದಲ್ಲಿ 1979ರಲ್ಲಿ .211, 1981ರಲ್ಲಿ .222 ಹೊಡೆದವರು. ಕೈಯೋ, 1980ರಲ್ಲಿ 621 ಅಸಿಸ್ಟ್‌ಗಳ (ಔಟ್‌ಗೆ ನೆರವಾದ ಎಸೆತಗಳ) ದಾಖಲೆ ಬರೆದಿತ್ತು. ಗ್ಯಾರಿ ಟೆಂಪಲ್‌ಟನ್ ಎಂಬ ಒಳ್ಳೆಯ ಬ್ಯಾಟರ್‌ನನ್ನು ಕೊಟ್ಟು ಕಾರ್ಡಿನಲ್ಸ್ ಅವರನ್ನು ತಂದುಕೊಂಡಿತು. ಮ್ಯಾನೇಜರ್ ವೈಟಿ ಹರ್ಜಾಗ್ ಅವರೊಂದಿಗೆ ಒಂದು ಬಾಜಿ ಕಟ್ಟಿದ್ದರು: ನೆಲಕ್ಕೆ ಹೊಡೆದರೆ ಹರ್ಜಾಗ್ ಒಂದು ಡಾಲರ್ ಕೊಡಬೇಕು, ಗಾಳಿಗೆ ಹೊಡೆದರೆ ಸ್ಮಿತ್ ಕೊಡಬೇಕು. 1987ರ ಹೊತ್ತಿಗೆ ಸ್ಮಿತ್ ಒಂದೂ ಹೋಮ್ ರನ್ ಇಲ್ಲದೆ .303 ಹೊಡೆದು, 75 ರನ್ ತಂದು, ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಎರಡನೆಯವರಾದರು. ಕೊನೆಗೆ 2,460 ಹಿಟ್.

ಆದರೆ ಹರ್ಜಾಗ್ ಅವರ ಔಷಧವನ್ನೇ ಈಗ ಕೊಡಲಾಗದು. ಅಂದಿನ ಬುಷ್ ಸ್ಟೇಡಿಯಂನ ನೆಲ ಕೃತಕ ಹುಲ್ಲು; ನೆಲಕ್ಕೆ ಹೊಡೆದ ಚೆಂಡು ಜಾರಿಕೊಂಡು ಇನ್‌ಫೀಲ್ಡರುಗಳ ನಡುವೆ ದಾಟುತ್ತಿತ್ತು. ಇಂದಿನದು ನಿಜವಾದ ಹುಲ್ಲು, ಎದುರಾಳಿ ಇನ್‌ಫೀಲ್ಡರುಗಳು ನಿಲ್ಲುವ ಜಾಗ ಪ್ರತಿ ಬ್ಯಾಟರ್‌ಗೂ ಲೆಕ್ಕ ಹಾಕಿದ್ದು. ಓಝಿ ಸ್ಮಿತ್ ಅವರಿಂದ ಕಲಿಯಬೇಕಾದ್ದು ತಂಡ ಅವರಿಗೆ ಕೊಟ್ಟ ಕಾಲಾವಕಾಶ. .211ರಿಂದ .303ಕ್ಕೆ ಎಂಟು ವರ್ಷ ಹಿಡಿಯಿತು, ಆ ಎಂಟೂ ವರ್ಷ ಅವರು ಶಾರ್ಟ್‌ಸ್ಟಾಪ್‌ನಲ್ಲೇ ಇದ್ದರು.

ಕಾದರೆ ಸಾಕು, ತಾನಾಗಿ ಬರುತ್ತದೆ ಎಂದೂ ನಾವು ಹೇಳುತ್ತಿಲ್ಲ. ಮೆಟ್ಸ್ ತಂಡದ ಶಾರ್ಟ್‌ಸ್ಟಾಪ್ ರೇ ಒರ್ಡೋನೆಸ್ 1997ರಿಂದ 1999ರವರೆಗೆ ಮೂರು ಗೋಲ್ಡ್ ಗ್ಲೋವ್ ಗೆದ್ದರು, ಸತತ 101 ಪಂದ್ಯ ಎರರ್ ಇಲ್ಲದೆ ಆಡಿದರು. ಬ್ಯಾಟ್ ಬೆಳೆಯಲೇ ಇಲ್ಲ, ವೃತ್ತಿಜೀವನದ ಸರಾಸರಿ.246, ಹೋಮ್ ರನ್ ಒಟ್ಟು 12. ಯೋಜನೆ ಇಲ್ಲದ ತಾಳ್ಮೆಯಿಂದ ಏನೂ ಹುಟ್ಟುವುದಿಲ್ಲ.

ಅವಸರದಲ್ಲಿ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಶಾರ್ಟ್‌ಸ್ಟಾಪ್ ಆಂಡ್ರೆಲ್ಟನ್ ಸಿಮನ್ಸ್ ಉದಾಹರಣೆ. 2013, 2014ರಲ್ಲಿ ಬ್ರೇವ್ಸ್‌ಗಾಗಿ ಗೋಲ್ಡ್ ಗ್ಲೋವ್ ಗೆದ್ದರು, ಬ್ಯಾಟ್ ಕುಂಟುತ್ತಿತ್ತು. 2015ರ ನವೆಂಬರ್‌ನಲ್ಲಿ ಬ್ರೇವ್ಸ್ ಅವರನ್ನು ಏಂಜಲ್ಸ್‌ಗೆ ಕೊಟ್ಟುಬಿಟ್ಟಿತು. 2017ರಲ್ಲಿ .278 ಮತ್ತು 14 ಹೋಮ್ ರನ್, 2018ರಲ್ಲಿ .292, ಎರಡೂ ವರ್ಷ ಗೋಲ್ಡ್ ಗ್ಲೋವ್. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ನಿಮ್ಮದೇ ವಿಭಾಗದ ಮಿಲ್ವಾಕಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅವರ ಎರಡನೇ ಬೇಸ್‌ಮನ್ ಬ್ರೈಸ್ ಟುರಾಂಗ್ 2023ರಲ್ಲಿ .218 ಹೊಡೆದಾಗಲೂ ಕೈ ನೋಡಿ ಉಳಿಸಿಕೊಂಡರು. 2024ರಲ್ಲಿ .254, ಜೊತೆಗೆ ಲೀಗ್‌ನ ಅತ್ಯುತ್ತಮ ಫೀಲ್ಡರ್‌ಗೆ ಸಿಗುವ ಪ್ಲಾಟಿನಂ ಗ್ಲೋವ್. 2025ರಲ್ಲಿ .288, 18 ಹೋಮ್ ರನ್. ವಿನ್ ಅವರಿಗೆ 2026ರ ಮಾರ್ಚ್‌ಗೆ 24 ತುಂಬುತ್ತದೆ. ಸಿಮನ್ಸ್ .278 ಹೊಡೆದಾಗ ಅವರಿಗೆ 27 ದಾಟಿತ್ತು.

ಇನ್ನು ಆಡಳಿತದ ಕೆಲಸಗಳು. ವೆದರ್‌ಹೋಲ್ಟ್ ಎರಡನೇ ಬೇಸ್‌ನಲ್ಲಿ ನೆಲೆಯೂರಲಿ. ಅಲ್ಲಿಂದ ಎಸೆತ ಚಿಕ್ಕದು, ಅವರ ಬ್ಯಾಟ್ ಎಲ್ಲಿ ನಿಂತರೂ ಹೊಡೆಯುತ್ತದೆ. ವಿನ್ ಅವರ ತೋಳನ್ನು ಅಲ್ಲಿಟ್ಟರೆ ಅದರ ಅರ್ಧಕ್ಕರ್ಧ ಬಳಕೆಯೇ ಆಗುವುದಿಲ್ಲ.

ಬ್ಯಾಟಿಂಗ್ ಕ್ರಮದಲ್ಲಿ ಒಂದೊಂದು ಸ್ಥಾನ ಇಳಿದಂತೆ ವರ್ಷಕ್ಕೆ ಸುಮಾರು 18 ಸರದಿ ಕಡಿಮೆಯಾಗುತ್ತವೆ. ಎರಡನೇ ಸ್ಥಾನದಿಂದ ಎಂಟಕ್ಕೆ ಇಳಿಸಿದರೆ ನೂರಕ್ಕೂ ಹೆಚ್ಚು ಸರದಿಗಳು ಬೇಸ್ ಹೆಚ್ಚು ಸೇರುವವರ ಪಾಲಿಗೆ ಹೋಗುತ್ತವೆ. .310ಕ್ಕೆ ಎರಡನೇ ಸ್ಥಾನ ಸಲ್ಲದು, ಇದನ್ನು ವಿನ್ ಅವರ ಅಭಿಮಾನಿಗಳಾಗಿಯೇ ಹೇಳುತ್ತಿದ್ದೇವೆ. ಋತು ಶುರುವಾಗುವ ಮುನ್ನವೇ ಅವರನ್ನು ಕೂರಿಸಿಕೊಂಡು ಕಾರಣ ಹೇಳಿ. ಮೇ ತಿಂಗಳಲ್ಲಿ ಇಳಿಸಿದರೆ ಶಿಕ್ಷೆ ಎನಿಸುತ್ತದೆ, ಮಾರ್ಚ್‌ನಲ್ಲಿ ಹೇಳಿದರೆ ಯೋಜನೆ ಎನಿಸುತ್ತದೆ.

ಒಪ್ಪಂದದ ವಿಷಯ ಇದಕ್ಕಿಂತ ದೊಡ್ಡದು. 2027ರ ಸಂಬಳಕ್ಕೆ ಅವರು ಮೊದಲ ಬಾರಿ ಆರ್ಬಿಟ್ರೇಷನ್‌ಗೆ (ಸಂಬಳ ತೀರ್ಮಾನಿಸುವ ಮಧ್ಯಸ್ಥಿಕೆಗೆ) ಬರುತ್ತಾರೆ, 2029ರ ನಂತರ ಮುಕ್ತ ಆಟಗಾರ. ಆರ್ಬಿಟ್ರೇಷನ್‌ನಲ್ಲಿ ಹೋಮ್ ರನ್, ಆರ್‌ಬಿಐಗಳಿಗೆ (ತನ್ನ ಹೊಡೆತದಿಂದ ತಂದ ರನ್‌ಗಳಿಗೆ) ಹಣ ಸಿಗುತ್ತದೆ, ತಡೆದ ರನ್‌ಗೆ ಅಷ್ಟಾಗಿ ಸಿಗುವುದಿಲ್ಲ. ಹಾಗಿರುವಾಗ ಯಾವ ಆಟಗಾರ ತಾನೇ ಬೇಲಿಯತ್ತ ನೋಡದೆ ಇದ್ದಾನು? ಹೊರಗಿನ ಸ್ಲೈಡರ್ ಬಿಟ್ಟುಬಿಡು, ವಾಕ್ ತಗೋ ಎಂದು ಒಂದು ಕಡೆ ಹೇಳಿ, ಇನ್ನೊಂದು ಕಡೆ ಹೋಮ್ ರನ್‌ಗೆ ಬೆಲೆ ಕಟ್ಟಬೇಡಿ. ಕೈಯ ಬೆಲೆಯನ್ನು ಪೂರ್ತಿ ಲೆಕ್ಕ ಹಿಡಿದು ದೀರ್ಘ ಒಪ್ಪಂದ ಮುಂದಿಡಿ. ಆಗ ಬ್ಯಾಟ್ ನಿಧಾನವಾಗಿ ಬೆಳೆಯಲು ಅವರಿಗೂ ಧೈರ್ಯ ಬರುತ್ತದೆ.

ಕೊನೆಯದಾಗಿ ಅಳೆಯುವ ಬಗೆ, ಇದು ಅಭಿಮಾನಿಗಳಿಗೂ ಸಲ್ಲುತ್ತದೆ. ಸ್ಟ್ರೈಕ್‌ಔಟ್ ಪ್ರಮಾಣ 60 ಸರದಿಗಳಲ್ಲಿ, ವಾಕ್ ಪ್ರಮಾಣ 120ರ ಆಸುಪಾಸಿನಲ್ಲಿ ಅರ್ಥ ಕೊಡತೊಡಗುತ್ತದೆ. ಬ್ಯಾಟಿಂಗ್ ಸರಾಸರಿ ನೆಲೆಗೊಳ್ಳಲು 900ರಷ್ಟು ಬೇಕು, ಅಂದರೆ ಒಂದೂವರೆ ಋತು. ಆದ್ದರಿಂದ ಮೇ ಕೊನೆಗೆ ವಾಕ್ ಎಷ್ಟು, ಗಾಳಿಯಲ್ಲಿ ಎಡಕ್ಕೆ ಎಳೆದ ಚೆಂಡುಗಳೆಷ್ಟು, ವಲಯದ ಹೊರಗಿನ ಚೆಂಡಿಗೆ ಕೈ ಹಾಕಿದ್ದೆಷ್ಟು, ಈ ಮೂರನ್ನು ನೋಡಿ. ಇವು ಸರಿಯಾದ ದಿಕ್ಕಿನಲ್ಲಿದ್ದು ಸರಾಸರಿ .230 ಇದ್ದರೂ ಏನನ್ನೂ ಬದಲಿಸಬೇಡಿ. ಇವು ಕೆಟ್ಟಿದ್ದು ಸರಾಸರಿ .290 ಇದ್ದರೆ, ಚಪ್ಪಾಳೆಯ ನಡುವೆಯೇ ಅವರನ್ನು ಟೀ ಬಳಿಗೆ ಕರೆದೊಯ್ಯಿರಿ. ಟ್ರೇಡ್ (ಆಟಗಾರರ ವಿನಿಮಯ) ಗಡುವಿಗೆ ಮುಂಚೆ ಫೋನ್ ಮಾಡುವ ತಂಡಗಳಿಗೆ ಈ ಶಾರ್ಟ್‌ಸ್ಟಾಪ್ ಮಾತುಕತೆಯಲ್ಲಿಲ್ಲ ಎಂದು ಮೊದಲ ದಿನವೇ ತಿಳಿಸಿಬಿಡಿ.

ಇಂತಿ,
ಬೇಸ್‌ಬಾಲನ್ನು ಕನ್ನಡದಲ್ಲಿ ಮಾತಾಡಿಕೊಂಡು ನೋಡುವ ಕೆಲವರು